ಕಾಸ್ಮಿರನ ಸೊನ್ನೆ

ಐದನ್ನು ಸೊನ್ನೆ ಎಂದು ಓದಿದರೆ ಏನಾಗುತ್ತದೆ? ಪರೀಕ್ಷೆಯಲ್ಲಾದರೆ ಮೇಷ್ಟ್ರು ಕಿವಿ ಹಿಂಡುತ್ತಾರೆ. ಬಸ್ಸಿನಲ್ಲಾದರೆ ಗೊತ್ತಿಲ್ಲದ ಊರಿಗೆ ಹೋಗಿ ಇಳಿಯುತ್ತೀರಿ. ದಮ್ಮಾಮಿನಲ್ಲಿ ಸಿನೆಮಾ ಯಂತ್ರ ನಡೆಸುವ ಶಿರ್ವದ ಕಾಸ್ಮಿರ್ ಮಥಾಯಸನಿಗೆ ಆದದ್ದನ್ನು ಕೇಳಿದರೆ, ಅಯ್ಯೋ, ಅವೆರಡೂ ಎಷ್ಟೋ ವಾಸಿ ಅನ್ನಿಸುತ್ತದೆ.

ಈ ಕಾಸ್ಮಿರ್ ಹುಟ್ಟಾ ಸಿನೆಮಾದವನೇನಲ್ಲ. ಸೌದಿಗೆ ಬಂದದ್ದು ಎ.ಸಿ. ರಿಪೇರಿಗೆ. ದೇಶದಲ್ಲಿ ಸಿನೆಮಾ ಮಂದಿರಗಳಿಗೆ ಅನುಮತಿ ಸಿಕ್ಕಿದಾಗ ಅವನ ಕಫೀಲ್, ಅಂದರೆ ಅವನನ್ನು ಕೆಲಸಕ್ಕೆ ಕರೆಸಿಕೊಂಡ ಧಣಿ, ಅಬು ನಾಸಿರ್ ಸಾಹೇಬರು ತಮ್ಮ ಮಾಲಿನ ಮೂರನೇ ಮಹಡಿಯಲ್ಲೂ ಒಂದನ್ನು ಕಟ್ಟಿಸಿದರು. ಗಾಳಿ ಬಿಡುವುದೂ ಯಂತ್ರ, ಚಿತ್ರ ಬಿಡುವುದೂ ಯಂತ್ರ, ಅದರಲ್ಲೇನು ದೊಡ್ಡ ವ್ಯತ್ಯಾಸ ಎಂದು ಕಾಸ್ಮಿರನನ್ನು ತಂದು ಅಲ್ಲಿ ಕೂರಿಸಿದರು. ಅವನು ಪಾಪ, ಹದಿನೈದು ದಿನದ ತರಬೇತಿ ಮುಗಿಸಿ ಅಂದಿನಿಂದ ಅಲ್ಲೇ ಕೂತಿದ್ದಾನೆ.

ಈಗ ಅವನಿಗೆ ಬೇಕಾಗಿದ್ದದ್ದು ಒಂದೇ, ರಜೆ. ಬರುವ ಶನಿವಾರ ಶಿರ್ವದಲ್ಲಿ ಅವನ ಮದುವೆ. ಹುಡುಗಿ ಫಿಯೋನಾ, ಕಟಪಾಡಿಯ ಶಾಲೆಯಲ್ಲಿ ಟೀಚರು. ಆಗಲೇ ಎರಡು ಸಲ ದಿನ ಗೊತ್ತುಮಾಡಿ ಎರಡು ಸಲವೂ ರಜೆ ಸಿಗದೆ ಮುಂದೆ ಹಾಕಿಯಾಗಿತ್ತು. ಇನ್ನೊಮ್ಮೆ ಮದುವೆ ಮುಂದೆ ಹೋದರೆ ಹುಡುಗಿಯೂ ಮುಂದೆ ಹೋಗುತ್ತಾಳೆ ಎಂದು ಫಿಯೋನಾಳ ಅಪ್ಪ ಖಡಾಖಂಡಿತವಾಗಿ ಹೇಳಿದ್ದರು. ಮಂಗಳವಾರದ ಟಿಕೆಟ್ ತಯಾರಿತ್ತು. ಆದರೆ ಕಂಪೆನಿಯ ರಜೆ ಅರ್ಜಿಗಳೆಲ್ಲ ಈಗ ಫೋನಿನಲ್ಲಿ. ಸಾಹೇಬರು ಹಸಿರು ಗುಂಡಿ ಒತ್ತಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಭಾನುವಾರದ ಶೋ ಚೆನ್ನಾಗಿ ಆಗಲಿ, ಆ ಕೂಡಲೇ ಒತ್ತುತ್ತೇನೆ ಎಂದು ಸಾಹೇಬರು ಮಾತು ಕೊಟ್ಟಿದ್ದರು.

ಭಾನುವಾರದ ಶೋ ಎಂದರೆ ಸಾಮಾನ್ಯ ಶೋ ಅಲ್ಲ. ಸಾಹೇಬರು ಪ್ರಾಯದಲ್ಲಿ ಇಂಗ್ಲಿಷ್ ಕಲಿಯಲೆಂದು ಆರು ತಿಂಗಳು ಇಂಗ್ಲೆಂಡಿನ ಲೀಡ್ಸ್ ಎಂಬ ಊರಿನಲ್ಲಿದ್ದರು. ಇಂಗ್ಲಿಷ್ ಮರೆತುಹೋಗಿ ಮಳೆ ಮಾತ್ರ ನೆನಪಿನಲ್ಲಿ ಉಳಿದಿತ್ತು. ಆ ಮಳೆಯ ವರ್ಣನೆ ಕೇಳಿ ಕೇಳಿ ಅವರ ಸ್ನೇಹಿತರಿಗೆಲ್ಲ ಸಾಕಾಗಿತ್ತು. ಆಗ ಖೌಲಾ, ಅಂದರೆ ಸಿನೆಮಾ ಮಂದಿರದ ಮ್ಯಾನೇಜರಾದ ದಮ್ಮಾಮಿನ ಹುಡುಗಿ, ಒಂದು ಹೊಸ ಬ್ರಿಟಿಷ್ ಸಿನೆಮಾವನ್ನು ಪತ್ತೆ ಮಾಡಿದಳು. ಒಬ್ಬಳು ಮುದುಕಿ, ಒಂದು ಕೆರೆ, ಹನ್ನೊಂದು ಬಾತುಕೋಳಿ, ಮೊದಲಿಂದ ಕೊನೆಯವರೆಗೂ ಮಳೆ. ಕತೆ ಅಷ್ಟೇ. ಸಾಹೇಬರು ನಲವತ್ತು ಮಂದಿಯನ್ನು ಕರೆದರು, ಭಾನುವಾರ ಇಳಿಹೊತ್ತಿನ ಅಸರ್ ನಮಾಜು ಮುಗಿದ ಮೇಲೆ ಬನ್ನಿ, ಮಳೆ ಅಂದರೇನು ಎಂದು ತೋರಿಸುತ್ತೇನೆ ಎಂದರು.

ಈಗಿನ ಸಿನೆಮಾ ಸುರುಳಿಯಲ್ಲಿ ಬರುವುದಿಲ್ಲ. ಹಳದಿ ಪೆಟ್ಟಿಗೆಯಲ್ಲಿ ಪುಸ್ತಕದಷ್ಟು ದಪ್ಪದ ಒಂದು ಡಿಸ್ಕ್ ಬರುತ್ತದೆ, ಅದನ್ನು ಯಂತ್ರಕ್ಕೆ ತುಂಬಬೇಕು. ತುಂಬಿದರೂ ಚಿತ್ರ ಬಿಚ್ಚಿಕೊಳ್ಳುವುದಿಲ್ಲ, ಒಳಗೆ ಬೀಗ ಹಾಕಿರುತ್ತಾರೆ. ಆ ಬೀಗದ ಕೀಲಿ ಲಂಡನ್ನಿನಿಂದ ಇ-ಮೇಲಿನಲ್ಲಿ ಬರುತ್ತದೆ. ಅದೂ ಒಂದೇ ಯಂತ್ರಕ್ಕೆ, ಹೇಳಿದ ದಿನ, ಹೇಳಿದ ಗಂಟೆಗೆ ಮಾತ್ರ ಆಗುವ ಕೀಲಿ. ಹಾಗಾಗಿ ನಿಮ್ಮ ಯಂತ್ರದ ನಂಬರು ಕಳಿಸಿ ಎಂದು ಲಂಡನ್ನಿನವರು ಹಿಂದಿನ ವಾರವೇ ಕೇಳಿದ್ದರು.

ನಂಬರು ಇರುವುದು ಯಂತ್ರದ ಬೆನ್ನಿನಲ್ಲಿ. ಯಂತ್ರಕ್ಕೂ ಗೋಡೆಗೂ ನಡುವೆ ಇರುವ ಜಾಗಕ್ಕೂ ಕಾಸ್ಮಿರನ ಹೊಟ್ಟೆಗೂ ಹೊಂದಾಣಿಕೆ ಇರಲಿಲ್ಲ. ಮದುವೆಗೆ ಮುಂಚೆ ಇಳಿಸುತ್ತೇನೆ ಎಂದು ಫಿಯೋನಾಳಿಗೆ ಮಾತು ಕೊಟ್ಟ ಹೊಟ್ಟೆ ಅದು, ಇಳಿದಿರಲಿಲ್ಲ. ಅವನು ಉಪಾಯ ಮಾಡಿದ. ಕಪಾಟಿನಲ್ಲಿದ್ದ ಕಸ್ಟಮ್ಸ್ ಕಾಗದವನ್ನು ತೆಗೆದು ಅದರಲ್ಲಿದ್ದ ನಂಬರನ್ನೇ ನೋಡಿ ಬರೆದು ಕಳಿಸಿದ. ಕಾಗದ ಅರಬ್ಬಿಯಲ್ಲಿತ್ತು. ಅರಬ್ಬಿಯಲ್ಲಿ ಐದು ಎಂದರೆ ಒಂದು ದುಂಡು, ನಮ್ಮ ಕನ್ನಡದ ಸೊನ್ನೆಯ ತದ್ರೂಪು. ಇದು ಕಾಸ್ಮಿರನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅದೇ ಗಳಿಗೆಯಲ್ಲಿ ಫಿಯೋನಾ ಮದುವೆ ಸೂಟಿನ ಬಣ್ಣ ಕೇಳಲು ಫೋನ್ ಮಾಡಿದ್ದಳು, ಮಾತಾಡುತ್ತಾ ಬರೆದ. ಐದು ಅಂಕಿಗಳನ್ನು ಅರಬ್ಬಿಯಲ್ಲಿ ಓದಿದ, ಆರನೆಯದನ್ನು ಶಿರ್ವದ ಕನ್ನಡ ಶಾಲೆಯಲ್ಲಿ ಓದಿದ.

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಕೀಲಿಯನ್ನು ಯಂತ್ರಕ್ಕೆ ಹಾಕಿದಾಗ ಪರದೆಯಲ್ಲಿ ಕೆಂಪು ಅಕ್ಷರ ಮೂಡಿತು. ಈ ಕೀಲಿ ಈ ಯಂತ್ರದ್ದಲ್ಲ. ಕಾಸ್ಮಿರ್ ಮೂರು ಸಲ ಹಾಕಿ ನೋಡಿದ, ಮೂರು ಸಲವೂ ಯಂತ್ರ ಅದನ್ನೇ ಹೇಳಿತು. ಕಸ್ಟಮ್ಸ್ ಕಾಗದ ತೆಗೆದು ನೋಡಿದವನಿಗೆ ಆ ದುಂಡು ಕಣ್ಣಿಗೆ ಬಿತ್ತು. ಐದು ಇರಬೇಕಾದಲ್ಲಿ ಸೊನ್ನೆ ಬರೆದು ಕಳಿಸಿದ್ದ.

ಪಾಪ್‌ಕಾರ್ನ್ ಕೌಂಟರಿನ ಅದ್ದು ಅಷ್ಟರಲ್ಲೇ ಬಾಗಿಲಲ್ಲಿ ಹಾಜರಾಗಿದ್ದ. ಉಳ್ಳಾಲದ ಈ ಅದ್ದುವಿಗೆ ಬೇರೆಯವರ ಕಷ್ಟದ ವಾಸನೆ ಎಲ್ಲಿದ್ದರೂ ಮೂಗಿಗೆ ಬಡಿಯುತ್ತದೆ. ಕರಾವಳಿಯಲ್ಲಿ ಕ್ರಿಸ್ತರನ್ನು ಕರೆಯುವ ಹಾಗೆ ಅವನು ಕಾಸ್ಮಿರನನ್ನು ಪೊರ್ಬುಗಳೇ ಎಂದು ಕರೆಯುತ್ತಿದ್ದ.

"ಎಂತ ಪೊರ್ಬುಗಳೇ, ಮುಖ ಯಾಕೆ ಹೀಗೆ?"

"ಕೀ ಆಗುದಿಲ್ಲ ಮಾರಾಯ."

ಅದ್ದು ಕೆಳಗೆ ಹೋಗಿ ಪಾಪ್‌ಕಾರ್ನಿಗೆ ಬಳಸುವ ಎಣ್ಣೆಯನ್ನು ಒಂದು ಲೋಟದಲ್ಲಿ ತಂದ. ಬೀಗದ ಬಾಯಿ ಎಲ್ಲುಂಟು ತೋರಿಸಿ, ಎರಡು ಹನಿ ಬಿಟ್ಟರೆ ತಾನಾಗಿ ತಿರುಗುತ್ತದೆ ಎಂದ. ಅವನನ್ನು ಹೊರಗೆ ದಬ್ಬಲು ಕಾಸ್ಮಿರನಿಗೆ ಐದು ನಿಮಿಷ ಬೇಕಾಯಿತು. ಎಣ್ಣೆ ಚೆಲ್ಲಿದ ನೆಲವನ್ನು ಒರೆಸಲು ಇನ್ನೂ ಹತ್ತು ನಿಮಿಷ.

ಯಂತ್ರದ ಕೋಣೆಯ ಲ್ಯಾಂಡ್‌ಲೈನಿನಿಂದ ಅವನು ಲಂಡನ್ನಿಗೆ ಫೋನ್ ಮಾಡಿದ. ದಮ್ಮಾಮಿನಲ್ಲಿ ಭಾನುವಾರ ಕೆಲಸದ ದಿನ, ಲಂಡನ್ನಿನಲ್ಲಿ ರಜೆ. ತುರ್ತು ನಂಬರಿನಲ್ಲಿ ನೈಜೆಲ್ ಎಂಬವನೊಬ್ಬ ಸಿಕ್ಕಿದ. ಅಷ್ಟು ಮರ್ಯಾದೆಯ ಮನುಷ್ಯನನ್ನು ಕಾಸ್ಮಿರ್ ಜನ್ಮದಲ್ಲಿ ಕಂಡಿರಲಿಲ್ಲ. ಪ್ರತಿ ಮಾತಿಗೂ ಕ್ಷಮೆ ಕೇಳುತ್ತಿದ್ದ, ಕೆಲಸ ಮಾತ್ರ ಒಂದಿಂಚೂ ಆಗುತ್ತಿರಲಿಲ್ಲ. ಹೊಸ ಕೀಲಿ ಮಾಡುವುದು ಎರಡು ನಿಮಿಷದ ಕೆಲಸವಂತೆ. ಆದರೆ ಕರಾರಿನಲ್ಲಿ ಒಂದು ಪ್ರದರ್ಶನಕ್ಕೆ ಒಂದೇ ಕೀಲಿ ಎಂದು ಬರೆದಿದೆಯಂತೆ. ಎರಡನೆಯದಕ್ಕೆ ಸಿನೆಮಾದ ಮಾಲೀಕರು ಒಪ್ಪಬೇಕು.

ಹಾಗಾದರೆ ಒಪ್ಪಿ, ಬ್ರಿಟಿಷ್ ಸಿನೆಮಾ ನಿಮ್ಮದೇ ಅಲ್ಲವೇ ಎಂದ ಕಾಸ್ಮಿರ್.

ನೈಜೆಲ್ ನಿಟ್ಟುಸಿರು ಬಿಟ್ಟ. ನಟರು ಬ್ರಿಟಿಷರು, ಮುದುಕಿಯೂ ಬ್ರಿಟಿಷರವಳೇ, ಅದು ಸರಿ. ತೆಗೆದ ಕಂಪೆನಿಯೂ ಮಾರ್ಚ್ ತಿಂಗಳವರೆಗೆ ಲಂಡನ್ನಿನದ್ದೇ ಆಗಿತ್ತು, ಆಮೇಲೆ ಅಮೆರಿಕದವರು ಕೊಂಡುಕೊಂಡರು. ಬಾತುಕೋಳಿಗಳಾದರೂ ನಿಮ್ಮದೇನಾ ಎಂದು ಕಾಸ್ಮಿರ್ ಕೇಳಿದ. ಹನ್ನೊಂದರಲ್ಲಿ ಎರಡು ಮಾತ್ರ ನಿಜವಾದದ್ದು, ಉಳಿದ ಒಂಬತ್ತನ್ನು ಕಂಪ್ಯೂಟರಿನಲ್ಲಿ ಮಾಡಿದ್ದು ಎಂದ ನೈಜೆಲ್. ಶೂಟಿಂಗಿನ ತಿಂಗಳಲ್ಲಿ ಒಂದು ಹನಿ ಮಳೆ ಬಾರದ ಕಾರಣ ಮಳೆಯೂ ಕಂಪ್ಯೂಟರಿನದ್ದೇ. ಕೆರೆ ಕೂಡ ಹಾಗೆಯೇ, ಅಲ್ಲಿ ಇದ್ದದ್ದು ಒಂದು ಕಾರ್ ಪಾರ್ಕ್. ಇದನ್ನೆಲ್ಲ ಹೇಳಿ ಮತ್ತೊಮ್ಮೆ ಕ್ಷಮೆ ಕೇಳಿದ.

ಅಮೆರಿಕದಲ್ಲಿ ಆಗ ನಡುರಾತ್ರಿ, ಫೋನೆತ್ತಿದ್ದು ರೆಕಾರ್ಡ್ ಮಾಡಿಟ್ಟ ಹೆಂಗಸಿನ ದನಿ. ಯುರೋಪಾದರೆ ಒಂದನ್ನು ಒತ್ತಿ, ಅರಬ್ ದೇಶಗಳ ಹಕ್ಕುಗಳಿಗೆ ಪ್ಯಾರಿಸ್ಸಿನ ನಂಬರಿಗೆ ಮಾಡಿ ಎಂದಿತು. ಪ್ಯಾರಿಸ್ಸಿನಲ್ಲಿ ಒಬ್ಬಾಕೆ ಏನನ್ನೋ ಜಗಿಯುತ್ತಾ ಫೋನೆತ್ತಿದಳು. ಆ ಸಿನೆಮಾವನ್ನು ಇನ್ನೂ ಮೂವತ್ತೊಂಬತ್ತರ ಜೊತೆ ಸೇರಿಸಿ ಒಂದೇ ಕಟ್ಟಾಗಿ ಯಾವುದೋ ದ್ವೀಪದ ಕಂಪೆನಿಗೆ ಮಾರಿಬಿಟ್ಟಿದ್ದೇವೆ ಎಂದಳು. ದ್ವೀಪದ ಕಂಪೆನಿ ಎಂದರೆ ಒಂದು ಅಂಚೆ ಪೆಟ್ಟಿಗೆ, ಅದನ್ನು ನೋಡಿಕೊಳ್ಳುವ ವಕೀಲ ದುಬೈಯವನು. ಅವನ ನಂಬರಿಗೆ ಮಾಡಿದರೆ ಗಂಟೆ ಬಾರಿಸುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ದುಬೈಯಲ್ಲೂ ಭಾನುವಾರ ರಜೆಯೇ. ಭೂಮಿಯ ಮೇಲೆ ಇವತ್ತು ಕೆಲಸ ಮಾಡುವವನು ತಾನೊಬ್ಬನೇ ಎಂದು ಕಾಸ್ಮಿರನಿಗೆ ಅಳುವೇ ಬಂತು.

ಗಂಟೆ ಮೂರಾಯಿತು. ಖೌಲಾ ಬಂದು ನೋಡಿದಳು, ವಿಷಯ ಕೇಳಿದಳು, ಬೈಯಲಿಲ್ಲ. ಇಷ್ಟೊತ್ತಿಗೆ ಬೇಕಾದದ್ದು ಬೈಗುಳವಲ್ಲ, ಕಾಫಿ ಎಂದಳು. ಅತಿಥಿಗಳು ಬಂದರೆ ಖರ್ಜೂರ ಮತ್ತು ಕಾಫಿ ಕೊಟ್ಟು ಅರ್ಧ ಗಂಟೆ ತಡೆಯುತ್ತೇನೆ, ಅದಕ್ಕಿಂತ ಹೆಚ್ಚು ತಡೆಯಲು ನನ್ನಿಂದಾಗದು ಎಂದು ಹೋದಳು. ಹೋಗುವಾಗ ಒಂದು ಮಾತು ಸೇರಿಸಿದಳು, ಸಾಹೇಬರು ಬೆಳಿಗ್ಗೆಯಿಂದ ಮಳೆಯ ವಿಷಯ ಬಿಟ್ಟು ಬೇರೆ ಮಾತಾಡಿಲ್ಲ ಎಂದು.

ಅಷ್ಟರಲ್ಲಿ ಅದ್ದು ಸುಮ್ಮನಿರದೆ ನೆಲ ಮಹಡಿಯ ಮೊಬೈಲ್ ಅಂಗಡಿಯ ಇಮ್ತಿಯಾಜನನ್ನು ಕರೆತಂದಿದ್ದ. ಭಟ್ಕಳದ ಇಮ್ತಿಯಾಜ್ ಲಾಕಾದ ಯಾವ ಫೋನನ್ನಾದರೂ ಬಿಚ್ಚುತ್ತಾನೆ ಎಂದು ಇಡೀ ಮಾಲಿನಲ್ಲಿ ಹೆಸರಿತ್ತು. ಅವನು ಯಂತ್ರವನ್ನು ಸುತ್ತಿ ನೋಡಿ, ಇದು ದೊಡ್ಡ ಫೋನು ಅಷ್ಟೇ ಎಂದ. ಲ್ಯಾಪ್‌ಟಾಪಿನಿಂದ ಎಂತದೋ ತಂತಿ ಎಳೆದು ಎಲ್ಲಿಗೋ ಚುಚ್ಚಿದ. ಬೇಡ ಮಾರಾಯ, ಇದನ್ನು ಮುಟ್ಟಿದರೆ ಅದಕ್ಕೆ ಅನುಮಾನ ಬರುತ್ತದೆ ಎಂದು ಕಾಸ್ಮಿರ್ ಹೇಳುತ್ತಲೇ ಇದ್ದ.

"ಐದು ನಿಮಿಷ ಕೊಡಿ ಕಾಸ್ಮಿರಣ್ಣ. ಆಗದಿದ್ರೆ ನನ್ನ ಅಂಗಡಿ ಬೋರ್ಡು ತೆಗೀತೇನೆ."

ಐದು ನಿಮಿಷದಲ್ಲಿ ಆದದ್ದು ಬೇರೆ. ಕೆಳಗೆ ಖರ್ಜೂರ, ಕಾಫಿ ಮುಗಿಸಿದ ನಲವತ್ತು ಮಂದಿ ಬಿಳಿ ತೋಬಿನ ನಿಲುವಂಗಿ ತೊಟ್ಟು ಸಿನೆಮಾ ಹಾಲಿನೊಳಗೆ ಕೂತಿದ್ದರು, ಮುಂದಿನ ಸಾಲಿನ ನಡುವೆ ಅಬು ನಾಸಿರ್ ಸಾಹೇಬರು. ದೀಪ ಆರಿತು, ಪರದೆ ಬೆಳಗಿತು. ಪರದೆಯಲ್ಲಿ ಧೋ ಎಂದು ಮಳೆ. ಇಮ್ತಿಯಾಜನ ಲ್ಯಾಪ್‌ಟಾಪಿನಲ್ಲಿದ್ದದ್ದು ಹಾಗೆಯೇ ಹಾಲಿನ ಪರದೆಗೆ ಹೋಗಿತ್ತು. ಅವನ ಹೆಂಡತಿ ಊರಿನಿಂದ ಕಳಿಸಿದ ವೀಡಿಯೋ ಅದು. ಭಟ್ಕಳದ ಗಲ್ಲಿಯಲ್ಲಿ ಮೊಣಕಾಲಿನವರೆಗೆ ನೀರು, ಒಂದು ಸ್ಕೂಟರು ನಿಧಾನಕ್ಕೆ ತೇಲುತ್ತಿದೆ, ಇಮ್ತಿಯಾಜನ ಅತ್ತೆ ಮೆಟ್ಟಿಲ ಮೇಲೆ ಬಕೆಟ್ ಹಿಡಿದು ನಿಂತು ತಮ್ಮ ನವಾಯಿತಿ ಭಾಷೆಯಲ್ಲಿ ಮುನಿಸಿಪಾಲಿಟಿಯವರ ಏಳು ತಲೆಮಾರನ್ನು ಬೈಯುತ್ತಿದ್ದಾರೆ.

ಹಾಲಿನಲ್ಲಿ ಮೆಚ್ಚುಗೆಯ ಗುಸುಗುಸು ಎದ್ದಿತು. ಮಾಶಾಅಲ್ಲಾ, ಎಂಥ ಮಳೆ ಎಂದರು ಒಬ್ಬರು. ಇದು ಯಾವ ಭಾಷೆ, ಇಂಗ್ಲಿಷಿನ ಹಾಗೆ ಇಲ್ಲವಲ್ಲ ಎಂದರು ಇನ್ನೊಬ್ಬರು. ಸಾಹೇಬರಿಗೂ ಒಂದಕ್ಷರ ಅರ್ಥವಾಗಿರಲಿಲ್ಲ. ಆದರೆ ಆರು ತಿಂಗಳು ಲೀಡ್ಸಿನಲ್ಲಿದ್ದವರು ಗೊತ್ತಿಲ್ಲ ಎನ್ನುವುದು ಹೇಗೆ? ಅದು ಸ್ಕಾಟ್‌ಲೆಂಡಿನ ಇಂಗ್ಲಿಷು, ಗುಡ್ಡದ ಕಡೆಯವರು ಹಾಗೆಯೇ ಮಾತಾಡುವುದು ಎಂದು ಗಂಭೀರವಾಗಿ ಹೇಳಿಬಿಟ್ಟರು. ನಲವತ್ತು ತಲೆಗಳೂ ಆಡಿದವು.

ಮೇಲೆ ಕಾಸ್ಮಿರ್ ತಲೆ ಮೇಲೆ ಕೈ ಹೊತ್ತು ಕೂತಿದ್ದ. ಇಮ್ತಿಯಾಜ್ ತಂತಿ ಕೀಳಲು ಹೋದರೆ ಖೌಲಾ ಓಡಿಬಂದು ತಡೆದಳು. ಎಷ್ಟು ಹೊತ್ತಿನದ್ದಿದೆ ಎಂದು ಕೇಳಿದಳು. ನಾಲ್ಕು ನಿಮಿಷ, ಆದರೆ ಅತ್ತೆಯವರದ್ದೇ ಬೇರೆ ಎಂಟು ವೀಡಿಯೋ ಉಂಟು ಎಂದ ಇಮ್ತಿಯಾಜ್. ಎಲ್ಲವನ್ನೂ ಹಾಕು ಎಂದಳು ಖೌಲಾ.

ಮೂರನೆಯ ವೀಡಿಯೋದಲ್ಲಿ ಅತ್ತೆ ನೆಂಟರ ಸೊಸೆಯನ್ನು ಬೈಯುತ್ತಿರುವಾಗ ದುಬೈ ವಕೀಲ ಕೊನೆಗೂ ಫೋನೆತ್ತಿದ. ಮಕ್ಕಳ ಜೊತೆ ಸಮುದ್ರ ದಂಡೆಯಲ್ಲಿದ್ದವನು, ರೇಗಿಕೊಂಡೇ ಮಾತಾಡಿದ. ದ್ವೀಪದ ಕಂಪೆನಿಯ ಮಾಲೀಕರ ಹೆಸರನ್ನು ಬಾಯಿಬಿಡುವಂತಿಲ್ಲ, ನಂಬರು ಬೇಕಾದರೆ ಬರೆದುಕೋ, ನೀನೇ ಕೇಳು ಎಂದ. ಸೌದಿಯದ್ದೇ ನಂಬರು. ಈ ಸಲ ಕಾಸ್ಮಿರ್ ಒಂದೊಂದು ಅಂಕಿಯನ್ನೂ ಎರಡೆರಡು ಸಲ ಹೇಳಿಸಿ ಬರೆದುಕೊಂಡ.

ಲ್ಯಾಂಡ್‌ಲೈನಿನಲ್ಲಿ ನಂಬರು ಒತ್ತಿ, ಯಂತ್ರದ ಪಕ್ಕದ ಸಣ್ಣ ಕಿಟಕಿಯಿಂದ ಹಾಲನ್ನು ನೋಡುತ್ತಾ ನಿಂತ. ನಾಲ್ಕನೇ ರಿಂಗಿಗೆ ಆ ಕಡೆಯವರು ಎತ್ತಿದರು.

ಕಾಸ್ಮಿರ್ ತನಗೆ ಬರುವ ಅಷ್ಟೂ ಅರಬ್ಬಿಯಲ್ಲಿ ಅಂಗಲಾಚಿದ. ಸಾಹೇಬರೇ, ನಿಮ್ಮ ಬಾತುಕೋಳಿ ಸಿನೆಮಾಕ್ಕೆ ಇನ್ನೊಂದು ಕೀಲಿ ಬೇಕು, ದಯವಿಟ್ಟು ಹೂಂ ಎನ್ನಿ, ಇಲ್ಲಿ ನನ್ನ ಕಫೀಲ್ ಮಳೆಗಾಗಿ ಕಾಯುತ್ತಿದ್ದಾರೆ, ಅವರು ಸಿಟ್ಟಾದರೆ ನನ್ನ ಮದುವೆ ಹೋಯಿತು ಎಂದ. ಯಾವ ಬಾತುಕೋಳಿ, ಯಾರು ನೀನು ಎಂದು ಆ ದನಿ ಗುಡುಗಿತು. ದನಿ ಎಲ್ಲೋ ಕೇಳಿದ ಹಾಗಿದೆಯಲ್ಲ ಎಂದುಕೊಳ್ಳುವಷ್ಟರಲ್ಲಿ ಕಾಸ್ಮಿರನ ಕಣ್ಣು ಮುಂದಿನ ಸಾಲಿಗೆ ಹೋಯಿತು. ಅಲ್ಲಿ ಅಬು ನಾಸಿರ್ ಸಾಹೇಬರು ಕಿವಿಗೆ ಫೋನ್ ಹಿಡಿದಿದ್ದರು. ಕಿವಿಯಲ್ಲಿ ಗುಡುಗುವ ಮಾತಿಗೂ ಅಲ್ಲಿ ಆಡುವ ತುಟಿಗೂ ಒಂದಕ್ಷರದ ವ್ಯತ್ಯಾಸವಿರಲಿಲ್ಲ.

ಕಾಸ್ಮಿರ್ ಫೋನ್ ಕೆಳಗಿಟ್ಟು ಮೆಟ್ಟಿಲಿಳಿದು ಓಡಿದ.

ಸಾಹೇಬರಿಗೆ ಅರ್ಥ ಮಾಡಿಸಲು ಸ್ವಲ್ಪ ಹೊತ್ತು ಹಿಡಿಯಿತು. ಅವರು ಖರ್ಜೂರದ ಪ್ಯಾಕಿಂಗು, ಎ.ಸಿ. ಬಿಡಿಭಾಗ, ಲಾರಿಯ ಟ್ರೈಲರು ಎಂದು ಏನೇನೋ ವ್ಯಾಪಾರ ಮಾಡುವವರು. ಎರಡು ವರ್ಷದ ಹಿಂದೆ ಒಬ್ಬ ಸಲಹೆಗಾರ ಮುಂದಿಟ್ಟ ಕಾಗದಗಳಿಗೆಲ್ಲ ಸಹಿ ಹಾಕಿದ್ದರು, ಏನೋ ದ್ವೀಪ, ಏನೋ ಹಕ್ಕು ಎಂದು ಆತ ಹೇಳಿದ್ದು ನೆನಪಿತ್ತು. ಮೀನು ಹಿಡಿಯುವ ಹಕ್ಕು ಇರಬೇಕು ಎಂದುಕೊಂಡಿದ್ದರು. ಈಗ ತಾನು ಲಂಡನ್ನಿನ ಸಿನೆಮಾದ ಧಣಿ ಎಂದು ತಿಳಿದದ್ದೇ ತಡ, ಮುಖ ಹಬ್ಬದ ದಿನದ ಹಾಗೆ ಅರಳಿತು. ಎದ್ದು ನಿಂತು ಅತಿಥಿಗಳ ಕಡೆ ತಿರುಗಿ, ಈ ಮಳೆ ನನ್ನದು ಎಂದು ಸಾರಿದರು. ಆಗ ಪರದೆಯ ಮೇಲೆ ಅತ್ತೆ ಬಕೆಟ್ಟಿನಿಂದ ನೀರೆರಚುತ್ತಿದ್ದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಒಪ್ಪಿಗೆಯ ಇ-ಮೇಲು ಹೋಯಿತು. ನೈಜೆಲ್ ನಾಲ್ಕು ಸಲ ಕ್ಷಮೆ ಕೇಳಿ ಹೊಸ ಕೀಲಿ ಕಳಿಸಿದ. ಯಂತ್ರ ಅದನ್ನು ನುಂಗಿ ಹಸಿರು ತೋರಿಸಿತು. ಬಾತುಕೋಳಿಗಳು ಬಂದವು, ಮುದುಕಿ ಬಂದಳು, ಒಂದೂವರೆ ಗಂಟೆ ಬಿಡದೆ ಸುರಿಯಿತು. ಮೊದಲಿನ ಹೆಂಗಸೇ ಚೆನ್ನಾಗಿ ಮಾಡಿದ್ದಳು, ಇವಳಲ್ಲಿ ಆ ಜೋರಿಲ್ಲ ಎಂದು ಇಬ್ಬರು ಅತಿಥಿಗಳು ಗೊಣಗಿದ್ದು ಬಿಟ್ಟರೆ ಎಲ್ಲರಿಗೂ ಇಷ್ಟವಾಯಿತು. ಸಾಹೇಬರು ಕೊನೆಯ ಹತ್ತು ನಿಮಿಷ ಕಣ್ಣೊರೆಸಿಕೊಳ್ಳುತ್ತಲೇ ಇದ್ದರು.

ಶೋ ಮುಗಿದ ಮೇಲೆ ಅವರು ಕಾಸ್ಮಿರನನ್ನು ಕರೆಸಿ ಅಪ್ಪಿಕೊಂಡರು. ನನ್ನ ನಾಲ್ವರು ವಕೀಲರಿಗೆ ಎರಡು ವರ್ಷದಲ್ಲಿ ಗೊತ್ತಾಗದ್ದನ್ನು ನೀನು ಒಂದೇ ದಿನದಲ್ಲಿ ಕಂಡುಹಿಡಿದೆ ಎಂದರು. ಜೇಬಿನಿಂದ ಫೋನ್ ತೆಗೆದರು. ಕಾಸ್ಮಿರ್ ಮನಸ್ಸಿನಲ್ಲೇ ಶಿಲುಬೆಯ ಗುರುತು ಹಾಕಿಕೊಂಡ. ಸಾಹೇಬರು ಏನೇನೋ ಒತ್ತಿದರು, ಮುಗುಳ್ನಕ್ಕರು, ಫೋನ್ ಜೇಬಿಗೆ ಹಾಕಿದರು.

"ರಜೆ ಒತ್ತಿದಿರಾ ಸಾಹೇಬರೇ?"

"ರಜೆಯಾ? ಟಿಕೆಟ್ ಮಾಡಿದೆ. ಲಂಡನ್ನಿಗೆ. ನನ್ನ ಕೆರೆ ನಾನು ನೋಡಬೇಡವಾ?"

ಕೆರೆ ಇಲ್ಲ, ಅಲ್ಲಿರುವುದು ಕಾರ್ ಪಾರ್ಕ್ ಎಂಬ ಮಾತು ಕಾಸ್ಮಿರನ ನಾಲಿಗೆಯ ತುದಿಯವರೆಗೆ ಬಂತು. ಈ ಮುಖಕ್ಕೆ ಅದನ್ನು ಹೇಳುವುದು ಹೇಗೆ ಎಂದು ನುಂಗಿಕೊಂಡ. ಇನ್ನು ಎರಡು ಗಂಟೆಯಲ್ಲಿ ವಿಮಾನವಂತೆ, ವಾಪಸ್ಸು ಮುಂದಿನ ವಾರದ ಸೋಮವಾರವಂತೆ. ಅಲ್ಲಿಯವರೆಗೆ ಫೋನ್ ಬಂದ್, ಮಳೆಯ ಸದ್ದೊಂದೇ ಸಾಕಂತೆ. ನನ್ನ ಮದುವೆ ಶನಿವಾರ ಎಂದು ಕಾಸ್ಮಿರ್ ಗೋಗರೆದ. ಸಾಹೇಬರು ಮರುಗಿ ಅವನ ಬೆನ್ನು ತಟ್ಟಿದರು. ಇವತ್ತಿನಿಂದ ನೀನೇ ನನ್ನ ಸಿನೆಮಾ ವ್ಯವಹಾರಕ್ಕೆಲ್ಲ ಮುಖ್ಯಸ್ಥ, ನಲವತ್ತೂ ಸಿನೆಮಾ ನಿನ್ನ ಸುಪರ್ದಿಗೆ, ಧಣಿಯೂ ಮುಖ್ಯಸ್ಥನೂ ಒಟ್ಟಿಗೆ ಊರು ಬಿಟ್ಟರೆ ನಡೆದೀತೇ, ನಾನು ಬಂದ ಮೇಲೆ ಒಂದು ತಿಂಗಳು ಹೋಗು ಎಂದು ಹೇಳಿ, ಖೌಲಾಳಿಗೆ ಆದೇಶ ಕೊಟ್ಟು, ಯಲ್ಲಾ, ಹೊರಡೋಣ ಎಂದು ಕಾರು ಹತ್ತಿದರು.

ಕಾಸ್ಮಿರ್ ಯಂತ್ರದ ಕೋಣೆಗೆ ಬಂದು ಫಿಯೋನಾಳಿಗೆ ಫೋನ್ ಮಾಡಿದ. ಕೊಂಕಣಿಯಲ್ಲಿ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದ. ಅವಳು ಅಳುತ್ತಾಳೆ ಎಂದುಕೊಂಡಿದ್ದ, ಅಳಲಿಲ್ಲ. ಟೀಚರು ತಾನೇ, ಒಂದು ಪ್ರಶ್ನೆ ಕೇಳಿದಳು. ಮುಖ್ಯಸ್ಥ ಎಂದರೆ ರಜೆ ಕೊಡುವವನಲ್ಲವೇ, ಹಾಗಾದರೆ ನಿನಗೆ ನೀನೇ ಕೊಟ್ಟುಕೊಳ್ಳಬಾರದೇ ಎಂದಳು.

ಕಾಸ್ಮಿರನಿಗೆ ಹೋದ ಜೀವ ಮರಳಿ ಬಂತು. ಎಂಥ ಹೆಂಡತಿ ಸಿಗುತ್ತಿದ್ದಾಳೆ ದೇವರೇ ಎಂದು ಫೋನಿನಲ್ಲಿ ಕಂಪೆನಿಯ ರಜೆ ಪುಟ ತೆರೆದ. ಖೌಲಾ ಆಗಲೇ ಎಲ್ಲ ಬದಲಾಯಿಸಿದ್ದಳು. ಮಂದಿರದ ಹದಿನಾಲ್ಕು ಮಂದಿ ನೌಕರರ ಅರ್ಜಿಗಳೂ ಅವನ ಮುಂದಿದ್ದವು, ಪ್ರತಿಯೊಂದರ ಪಕ್ಕದಲ್ಲೂ ಒಂದು ಹಸಿರು ಗುಂಡಿ. ಎಲ್ಲಕ್ಕಿಂತ ಮೇಲೆ ಅವನದೇ ಅರ್ಜಿ. ಅದರ ಗುಂಡಿ ಒತ್ತಿದ. ನಿಮ್ಮ ಅರ್ಜಿಯನ್ನು ನೀವೇ ಒಪ್ಪುವಂತಿಲ್ಲ, ಮಾಲೀಕರನ್ನು ಸಂಪರ್ಕಿಸಿ ಎಂದು ಬಂತು. ಇನ್ನೊಮ್ಮೆ ಒತ್ತಿದ, ಮತ್ತೊಮ್ಮೆ ಒತ್ತಿದ. ಆಮೇಲೆ ಫೋನನ್ನು ಮಡಿಲಲ್ಲಿಟ್ಟ.

ಬಾಗಿಲ ಹತ್ತಿರ ಯಾರೋ ಗಂಟಲು ಸರಿಮಾಡಿಕೊಂಡರು. ಅದ್ದು ನಿಂತಿದ್ದ. ಕೈಯಲ್ಲಿ ಪಾಪ್‌ಕಾರ್ನ್ ಇತ್ತು, ಮುಖದಲ್ಲಿ ಎಲ್ಲಿಲ್ಲದ ವಿನಯವಿತ್ತು.

"ಪೊರ್ಬುಗಳೇ, ನನ್ನದೊಂದು ರಜೆ ಅರ್ಜಿ ಉಂಟಲ್ಲ, ಅದನ್ನೊಂದು ಒತ್ತಿ. ಮಂಗಳವಾರದ ನಿಮ್ಮ ವಿಮಾನದಲ್ಲೇ ಸೀಟು ಸಿಕ್ಕಿದೆ."

"ನಿನಗೆ ಯಾಕೆ ಈಗ ರಜೆ?"

"ನಿಮ್ಮ ಮದುವೆ ಅಲ್ವಾ ಮಾರಾಯ್ರೆ? ಯಾರಾದ್ರೂ ಹೋಗ್ಬೇಕಲ್ಲ."

ಕಾಸ್ಮಿರ್ ಮಡಿಲಿನ ಫೋನೆತ್ತಿ ಅದ್ದುವಿನ ಅರ್ಜಿಯನ್ನು ಹುಡುಕಿದ. ಆಮೇಲೆ ಒತ್ತಿದ.